ಗುಂಡನಿಗೆ ಜೋಡಿ ಹುಡುಕಿದ್ದು

ನಮ್ಮನೆ ಗುಂಡ ಒಬ್ಬನೇ ಇದ್ದಾನೆ ಅನ್ನೋ ಚಿಂತೆ ಗುಂಡನಿಗೆ ಇರಲಿಲ್ಲ, ಅಮ್ಮನಿಗಿತ್ತು.

ಗುಂಡ ಅಂದರೆ ಬಿಯರ್ಡೆಡ್ ಡ್ರ್ಯಾಗನ್. ನಮ್ಮೂರ ಬೇಲಿ ಮೇಲೆ ಕೂರೋ ಓತಿಕ್ಯಾತದ ಕುಟುಂಬದವನೇ. ಆದರೆ ಮೈಕಟ್ಟು ದಪ್ಪ, ಮೂತಿಯಿಂದ ಬಾಲದ ತುದಿಗೆ ಒಂದೂವರೆ ಅಡಿ, ಕುತ್ತಿಗೆ ಕೆಳಗೆ ಮುಳ್ಳು ಮುಳ್ಳಾದ ಗಡ್ಡ. ನಾವಿರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಇಲ್ಲಿ ಇವನ್ನು ಸಾಕೋದು ತೀರಾ ಸಾಮಾನ್ಯ. ಇವುಗಳ ತವರು ಮಾತ್ರ ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿಂದ ಕಾಡುಪ್ರಾಣಿಗಳನ್ನು ವ್ಯಾಪಾರಕ್ಕೆ ಹೊರಗೆ ಕಳಿಸೋದು 1960ರ ದಶಕದಲ್ಲೇ ನಿಂತಿದೆ. ಹಾಗಾಗಿ ಇಲ್ಲಿ ಸಿಗುವ ಹೆಚ್ಚಿನವು ಯಾವತ್ತೋ ಕದ್ದು ತಂದವುಗಳ ಮರಿಮಕ್ಕಳು.

ಅಮ್ಮ ಅರಸೀಕೆರೆಯಿಂದ ಬಂದವರು ಮೊದಲು ಗುಂಡನ ಊಟ ನೋಡಿ ದಂಗಾದರು. "ಜಿರಲೆ ಸಾಕ್ತೀರಾ? ದುಡ್ಡು ಕೊಟ್ಟು?" ಹೌದು, ಡೂಬಿಯಾ ಅಂತ ಒಂದು ಜಾತಿ ಜಿರಲೆ, ಡಬ್ಬಿಯಲ್ಲಿ ಬರುತ್ತೆ. ಅದಕ್ಕೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಬೇಕು. ಜೊತೆಗೆ ಸಾಸಿವೆ ಸೊಪ್ಪು. ಪಾಲಕ್ ಮಾತ್ರ ದಿನಾ ಹಾಕೋ ಹಾಗಿಲ್ಲ, ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಮೈಗೆ ಹತ್ತೋಕೆ ಬಿಡಲ್ಲ. ಸ್ವಲ್ಪ ದಿನದಲ್ಲೇ ಸೊಪ್ಪು ಹೆಚ್ಚೋ ಕೆಲಸ ಅಮ್ಮನದಾಯಿತು. ಆಮೇಲೆ ಶುರುವಾಯಿತು: "ಪಾಪ ಕಣೋ, ಒಂಟಿ ಜೀವ. ಒಂದು ಜೋಡಿ ತರಬಾರದಾ?"

ಅದೇ ಹೊತ್ತಿಗೆ ನಮ್ಮ ಬೀದಿಯ ಒಬ್ಬರಿಗೆ ಹವಾಯಿಗೆ ವರ್ಗವಾಯಿತು. ಅಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಸಾಕೋದು ಕಾನೂನುಬಾಹಿರ. ಹೊರಗಿನ ಹಲ್ಲಿ, ಹಾವು ದ್ವೀಪಕ್ಕೆ ಸೇರಿಬಿಟ್ಟರೆ ಅಲ್ಲಿನ ಹಕ್ಕಿಪಕ್ಷಿಗಳ ಗತಿ ಮುಗೀತು ಅನ್ನೋ ಭಯ. ಅವರ ಪ್ರಾಣಿ ನಮ್ಮನೆಗೆ ಬಂತು. ಹೆಸರು ರೂಬಿ. ಅಮ್ಮನಿಗೆ ಇದು ದೇವರೇ ಕೂಡಿಸಿದ ಸಂಬಂಧ.

ನಾನು ಎರಡನ್ನೂ ಒಂದೇ ಗಾಜಿನ ಟ್ಯಾಂಕಿನಲ್ಲಿ ಇಡಲ್ಲ ಅಂತ ಮೊದಲೇ ಹೇಳಿದ್ದೆ. ಇವು ಕಾಡಿನಲ್ಲೂ ಒಂಟಿಯಾಗಿಯೇ ಇರೋ ಪ್ರಾಣಿ, ತನ್ನ ಜಾಗಕ್ಕೆ ಬಂದವರನ್ನು ಸಹಿಸಲ್ಲ. ಮೇಲಾಗಿ ಹೊಸದಾಗಿ ಬಂದದ್ದನ್ನು ಎರಡು, ಮೂರು ತಿಂಗಳಾದರೂ ಬೇರೆ ಕೋಣೆಯಲ್ಲಿ ಇಡಬೇಕು. ಅಡಿನೊವೈರಸ್ ಅನ್ನೋ ಸೋಂಕು, ಹೊಟ್ಟೆಯ ಪರೋಪಜೀವಿ ಇದ್ದರೂ ಹೊರಗೆ ಆರೋಗ್ಯವಾಗಿಯೇ ಕಾಣುತ್ತವೆ. ರೂಬಿಯ ಹಿಕ್ಕೆ ಪರೀಕ್ಷೆ ಮಾಡಿಸಿದೆವು. ಡಾಕ್ಟರ್ ಬಾಲ ಮೆಲ್ಲಗೆ ಎತ್ತಿ, ಟಾರ್ಚ್ ಬಿಟ್ಟು ನೋಡಿ ಹೆಣ್ಣು ಅಂದರು. ಗಂಡಾದರೆ ಬಾಲದ ಬುಡದಲ್ಲಿ ಎರಡು ಉಬ್ಬು ಇರುತ್ತವೆ. ಇಲ್ಲೊಂದು ತಮಾಷೆ ಇದೆ. ಮೊಟ್ಟೆಗೆ 32 ಡಿಗ್ರಿಗಿಂತ ಜಾಸ್ತಿ ಕಾವು ಸಿಕ್ಕರೆ, ವಂಶವಾಹಿಯಲ್ಲಿ ಗಂಡಾಗಿರೋ ಮರಿಯೂ ಹೆಣ್ಣಾಗಿ ಹುಟ್ಟಬಹುದು. ಆಸ್ಟ್ರೇಲಿಯಾದ ಬಯಲಿನಲ್ಲೂ ಹೀಗಾಗುತ್ತಿದೆ ಅಂತ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಅಮ್ಮನಿಗೆ ಇದನ್ನು ಹೇಳೋಕೆ ಹೋಗಲಿಲ್ಲ. ಜಾತಕ ತರಿಸು ಅಂದರೆ?

ಬೇರೆ ಇಡೋ ಅವಧಿ ಮುಗಿದ ಮೇಲೆ ಅಮ್ಮನೂ ನನ್ನ ಮಗಳೂ ಒಂದಾದರು. ದೂರದಿಂದ ಒಂದ್ಸಲ ಮುಖ ನೋಡಲಿ, ಅಷ್ಟೇ. ಹೆಂಡತಿ ಬೇಡ ಅಂದಳು, ಆದರೂ ಬಟ್ಟೆ ಒಗೆಯೋಕೆ ಹಾಕೋ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಳು. ಯಾರ ಟ್ಯಾಂಕೂ ಬೇಡ, ಹಾಲ್‌ನ ನಡುವೆ ಕಾರ್ಪೆಟ್ ಮೇಲೆ ಅಂತ ತೀರ್ಮಾನವಾಯಿತು. ಆ ಕಡೆ ಮಗಳ ಕೈಯಲ್ಲಿ ರೂಬಿ, ಈ ಕಡೆ ನನ್ನ ಕೈಯಲ್ಲಿ ಗುಂಡ, ನಡುವೆ ಏಳೆಂಟು ಅಡಿ. ಅಮ್ಮ ಸೋಫಾದ ಮೇಲೆ ಹಿರಿಯರ ಜಾಗದಲ್ಲಿ.

ರೂಬಿ ಮೊದಲು ನೋಡಿದಳು. ಮುಂಗಾಲು ಒಂದನ್ನು ಎತ್ತಿ ನಿಧಾನಕ್ಕೆ ಗಾಳಿಯಲ್ಲಿ ಸುತ್ತಿಸಿದಳು. "ಅಯ್ಯೋ, ಟಾಟಾ ಮಾಡ್ತಿದಾಳೆ ನೋಡ್ರೋ!" ಅಂದರು ಅಮ್ಮ. ಟಾಟಾ ಅಲ್ಲ ಅದು. 'ನೀನೇ ದೊಡ್ಡವನು, ನಿನ್ನ ತಂಟೆಗೆ ಬರಲ್ಲ' ಅಂತ ಶರಣಾಗೋ ರೀತಿ. ಗುಂಡ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ತಲೆಯನ್ನು ಮೇಲೆ ಕೆಳಗೆ ಜೋರಾಗಿ ಆಡಿಸತೊಡಗಿದ. "ಹೂಂ ಅಂತಿದಾನೆ! ಒಪ್ಪಿಗೆ ಆಯ್ತು." ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ನಗು ಬರಲಿಲ್ಲ, ಯಾಕೆಂದರೆ ನನ್ನ ಅಂಗೈಯಲ್ಲಿ ಅವನ ಮೈ ಉಬ್ಬುತ್ತಿರೋದು ಗೊತ್ತಾಗುತ್ತಿತ್ತು. ಗಡ್ಡ ಅರಳಿತು. ನೋಡ್ತಾ ನೋಡ್ತಾ ಇದ್ದಲಿನ ಹಾಗೆ ಕಪ್ಪಾಯಿತು.

"ಇದೇನೋ, ಕಪ್ಪಗಾದ?" ಅನ್ನೋ ಹೊತ್ತಿಗೆ ಗುಂಡ ಕೈಯಿಂದ ಜಾರಿ ನೆಲದಲ್ಲಿದ್ದ. ಬಿಸಿಲು ಕಾಯಿಸಿಕೊಂಡು ದಿನವಿಡೀ ಕಲ್ಲಿನ ಮೇಲೆ ಬಿದ್ದಿರೋ ಪ್ರಾಣಿ ಇಷ್ಟು ಜೋರಾಗಿ ಓಡುತ್ತೆ ಅಂದರೆ ಯಾರೂ ನಂಬಲ್ಲ. ಮಗಳು ರೂಬಿಯನ್ನು ಎದೆಗವಚಿಕೊಂಡು ಸೋಫಾ ಹತ್ತಿದಳು. ಹೆಂಡತಿ ಬುಟ್ಟಿಯನ್ನು ದಬಕ್ ಅಂತ ಗುಂಡನ ಮೇಲೆ ಕವುಚಿದಳು. ಇವುಗಳ ನೆತ್ತಿಯಲ್ಲಿ ಬೆಳಕು, ನೆರಳು ಗುರುತಿಸೋ ಇನ್ನೊಂದು ಕಣ್ಣಿದೆ. ಮೇಲಿಂದ ನೆರಳು ಬಿದ್ದರೆ ಹದ್ದು ಬಂತು ಅಂತಲೇ ಲೆಕ್ಕ. ಗುಂಡ ಒಂದು ಕ್ಷಣ ನೆಲಕ್ಕಂಟಿ ಮಲಗಿದ. ಆಮೇಲೆ ಬುಟ್ಟಿಯ ಒಳಗಿಂದಲೇ ಮತ್ತೆ ತಲೆ ಆಡಿಸೋಕೆ ಶುರು.

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ರಾತ್ರಿ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಒಂದರ ಮೇಲೊಂದು ಎರಡು ಡ್ರ್ಯಾಗನ್ ಮಲಗಿದ್ದವು. "ಇವು ಎಷ್ಟು ಅನ್ಯೋನ್ಯವಾಗಿವೆ, ನೋಡು." ಮೇಲಿರೋದು ಲ್ಯಾಂಪಿನ ಶಾಖ, ಯುವಿಬಿ (ಬಿಸಿಲಿನಲ್ಲಿರೋ ಹಾಗಿನ ನೇರಳಾತೀತ) ಬೆಳಕು ಎಲ್ಲ ತಾನೇ ತಗೊಳ್ತಿದೆ, ಕೆಳಗಿರೋದಕ್ಕೆ ಏನೂ ಸಿಗ್ತಿಲ್ಲ ಅಂತ ವಿವರಿಸಿದೆ. ಯುವಿಬಿ ಸಿಗದಿದ್ದರೆ ಮೂಳೆ ಮೆತ್ತಗಾಗುತ್ತೆ. ಅಂಗಡಿಗಳಲ್ಲಿ ಮರಿಗಳನ್ನು ಒಟ್ಟಿಗೆ ತುಂಬಿಡ್ತಾರಲ್ಲ, ಅಲ್ಲಿ ಬೆರಳಿನ ತುದಿ, ಬಾಲದ ತುದಿ ಇಲ್ಲದವು ಸಿಗೋದು ಒಂದನ್ನೊಂದು ಕಚ್ಚೋದಕ್ಕೇ. ಮನೆ ಹಲ್ಲಿಗಾದರೆ ಬಾಲ ಮತ್ತೆ ಬೆಳೆಯುತ್ತೆ, ಇವುಗಳಿಗೆ ಬೆಳೆಯಲ್ಲ. ಅಮ್ಮ ಫೋಟೋವನ್ನು ಇನ್ನೊಮ್ಮೆ ನೋಡಿದರು. "ಹಂಗಾದ್ರೆ ಕೆಳಗಿರೋದು ಸೊಸೆ," ಅಂದು ಫೋನ್ ಆಫ್ ಮಾಡಿದರು. ನನ್ನ ಹೆಂಡತಿ ಅಡುಗೆಮನೆಯಿಂದ ಕೆಮ್ಮಿದಳು.

ಈಗ ಎರಡು ನಾಲ್ಕಡಿ ಟ್ಯಾಂಕ್, ಎರಡು ಲ್ಯಾಂಪ್, ಎರಡು ಕರೆಂಟ್ ಟೈಮರ್. ರೂಬಿ ಮಗಳ ಕೋಣೆಯಲ್ಲಿ, ಗುಂಡ ಹಾಲ್‌ನಲ್ಲಿ. ಗುಂಡ ಗಾಜಿನಲ್ಲಿ ತನ್ನ ಪ್ರತಿಬಿಂಬಕ್ಕೇ ಗಡ್ಡ ಕಪ್ಪು ಮಾಡ್ತಿದ್ದ ಅಂತ ಒಂದು ಪಕ್ಕಕ್ಕೆ ಕಾಗದ ಅಂಟಿಸಿದ್ದೇವೆ. ಇಬ್ಬರೂ ಚೆನ್ನಾಗಿ ತಿನ್ನುತ್ತಾರೆ.

ಅಮ್ಮ ಊರಿಗೆ ಹೋದ ಮೇಲೆ ರೂಬಿ ಮಣ್ಣು ಕೆರೆಯೋಕೆ ಶುರು ಮಾಡಿದಳು. ಒದ್ದೆ ಮರಳು ಮಣ್ಣು ಕಲಸಿದ ಡಬ್ಬಿ ಇಟ್ಟೆವು. ಅದರೊಳಗೆ ಇಳಿದು ಒಂದು ರಾಶಿ ಮೊಟ್ಟೆ ಇಟ್ಟಳು. ಗಂಡಿನ ಸಂಗವಿಲ್ಲದೆಯೂ ಇವು ಮೊಟ್ಟೆ ಇಡುತ್ತವೆ, ಮರಿ ಆಗಲ್ಲ ಅಷ್ಟೇ. ಮಗಳು ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿದಳು. ಕೋಳಿ ಸಾಕಿದ ಅಮ್ಮನಿಗೆ ಇದೇನೂ ಹೊಸದಲ್ಲ. ಮೊಟ್ಟೆ ಎಣಿಸಿದರು, ರೂಬಿಗೆ ಜಾಸ್ತಿ ಕ್ಯಾಲ್ಸಿಯಂ ಹಾಕಿ ಅಂದರು. ಕಾಲ್ ಕಟ್ ಮಾಡೋ ಮೊದಲು ದನಿ ತಗ್ಗಿಸಿ ಕೇಳಿದರು:

"ಗುಂಡ ನೋಡಿಲ್ಲ ತಾನೆ? ಸುಮ್ನೆ ಅನುಮಾನ ಪಟ್ಕೊಂಡಾನು."