ಸರ್ಕ್ಯೂಟ್ ಚಿತ್ರದಲ್ಲಿ ಇಲ್ಲದ ಕೆಪಾಸಿಟರ್

ಬೈಕಂಪಾಡಿಯ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಬ್ಯಾಟರಿ ಚಾರ್ಜರ್ ಒಂದು ತಯಾರಾಗಿತ್ತು. ಚಾರ್ಜೇನೋ ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಅದೇ ಲೈನಿಗೆ ಮೀಡಿಯಂ ವೇವ್ ರೇಡಿಯೋ ಹಾಕಿದರೆ ಬರೀ ಗುಂಯ್ ಗುಂಯ್. "ಬೆಂಗಳೂರಿನ ಲ್ಯಾಬಿಗೆ ಗದ್ದಲದ ಟೆಸ್ಟಿಗೆ ಕಳಿಸುವ ಮಾರಾಯ್ರೆ, ಫೇಲಾದ್ರೆ ಒಂದು ಫಿಲ್ಟರ್ ಹಾಕಿದ್ರಾಯ್ತು" ಎಂದರು ಧಣಿ. ಲ್ಯಾಬಿನ ಬಾಡಿಗೆ ಸುಮ್ನೆ ಆಗುವುದಿಲ್ಲ. ಮಳೆಗೆ ಕರೆಂಟೂ ಹೋಗಿತ್ತು. ಪೆನ್ನು ಹಿಡಿದು ಕೂತೆ.

ತಂತಿಯಲ್ಲಿ ವಾಪಸ್ ಹರಿಯುವ ಗದ್ದಲವನ್ನು ಅಳೆಯುವುದು 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ. ನಮ್ಮ ಸ್ವಿಚಿಂಗ್, ಅಂದರೆ ಚಾರ್ಜರಿನೊಳಗೆ ಕರೆಂಟನ್ನು ಕಡಿದು ಬಿಡುವ ವೇಗ, 65 ಕಿಲೋಹರ್ಟ್ಸ್. ಗದ್ದಲ ಅದರ ಪಟ್ಟುಗಳಲ್ಲೂ ಏಳುತ್ತದೆ, ಅವೇ ಹಾರ್ಮೋನಿಕ್. ಅದರ ಎರಡು ಪಟ್ಟು 130, ಲೆಕ್ಕಕ್ಕಿಲ್ಲ. ಮೂರು ಪಟ್ಟು 195, ಸಿಕ್ಕಿಬೀಳುವುದು ಅಲ್ಲಿ. ಆ ಹಾರ್ಮೋನಿಕ್‌ನಲ್ಲಿ ಸುಮಾರು 0.2 ಆಂಪಿಯರ್, ದೊಡ್ಡ ಕೆಪಾಸಿಟರಿನ ಒಳ ರೆಸಿಸ್ಟೆನ್ಸ್ ಅರ್ಧ ಓಮ್. 100 ಮಿಲಿವೋಲ್ಟ್ ಆಯಿತು. ಗದ್ದಲ ಅಳೆಯಲು ಲೈನಿಗೆ ಹಾಕುವ ಪೆಟ್ಟಿಗೆ, ಲಿಸ್ನ್‌ನಲ್ಲಿ ಎರಡು ತಂತಿಗೂ ಅದು ಹಂಚಿಹೋಗುತ್ತದೆ. ಹಾಗಾಗಿ 50 ಮಿಲಿವೋಲ್ಟ್, ಅಂದರೆ 94 ಡಿಬಿ ಮೈಕ್ರೋವೋಲ್ಟ್ (ಒಂದು ಮೈಕ್ರೋವೋಲ್ಟಿಗೆ ಹೋಲಿಸಿದ ಡೆಸಿಬೆಲ್ ಲೆಕ್ಕ). ಮನೆಬಳಕೆಯ ಸಾಮಾನಿಗೆ ಅಲ್ಲಿ ಮಿತಿ ಸುಮಾರು 64. ಧೈರ್ಯಕ್ಕೆ 6 ಸೇರಿಸಿ 36 ಡಿಬಿ ಇಳಿಸಬೇಕು. ಎರಡು ತಂತಿಗಳ ನಡುವೆ ಹಾಕುವ 0.22 ಮೈಕ್ರೋಫ್ಯಾರಡ್ ಎಕ್ಸ್ ಕೆಪಾಸಿಟರಿನ ಜೊತೆ 190 ಮೈಕ್ರೋಹೆನ್ರಿ ಇಂಡಕ್ಟನ್ಸ್ ಸಾಕು. ಅದಕ್ಕೆ ಬೇರೆ ಕಾಯಿಲ್ ಕೂಡ ಬೇಡ, ಎರಡೂ ತಂತಿಗಳನ್ನು ಒಂದೇ ಕೋರಿಗೆ ಸುತ್ತಿದ 20 ಮಿಲಿಹೆನ್ರಿ ಕಾಮನ್ ಮೋಡ್ ಚೋಕಿನ ಲೀಕೇಜ್ ಇಂಡಕ್ಟನ್ಸೇ ಹೆಚ್ಚುಕಡಿಮೆ ಅಷ್ಟಿರುತ್ತದೆ.

ಇಲ್ಲಿಯವರೆಗೆ ಸಲೀಸು. ತಲೆ ತಿನ್ನುವುದು ಕಾಮನ್ ಮೋಡ್, ಅಂದರೆ ಎರಡೂ ತಂತಿಯಲ್ಲಿ ಒಂದೇ ದಿಕ್ಕಿಗೆ ಹರಿದು ಅರ್ಥಿನ ಮೂಲಕ ಮರಳುವ ಗದ್ದಲ. ಅದರ ದಾರಿಯನ್ನು ಯಾರೂ ಸರ್ಕ್ಯೂಟಿನಲ್ಲಿ ಬರೆದಿರುವುದಿಲ್ಲ. ಸ್ವಿಚ್ ಮಾಡುವ ಟ್ರಾನ್ಸಿಸ್ಟರ್ ಆದ ಮಾಸ್ಫೆಟ್ಟಿನ ಬೆನ್ನು, ನಡುವೆ ತೆಳು ಪ್ಯಾಡು, ಆಚೆ ಅರ್ಥ್ ಆದ ಹೀಟ್‌ಸಿಂಕ್. ಇದೂ ಒಂದು ಕೆಪಾಸಿಟರೇ ಅಲ್ವಾ? ಸ್ಕೇಲ್ ಇಟ್ಟು ಅಳತೆ ತೆಗೆದು ಲೆಕ್ಕ ಹಾಕಿದರೆ 30 ಪಿಕೋಫ್ಯಾರಡ್ ಬಂತು. ಕೇಳಲಿಕ್ಕೆ ಏನೂ ಅಲ್ಲ. ಆದರೆ 300 ವೋಲ್ಟ್ 50 ನ್ಯಾನೋಸೆಕೆಂಡಿನಲ್ಲಿ ಹಾರಿದರೆ ಅದರ ಮೂಲಕ 0.18 ಆಂಪಿಯರ್ ಅರ್ಥಿಗೆ ನುಗ್ಗುತ್ತದೆ. ಇದನ್ನು ಹಿಡಿಯಲು ತಂತಿಯಿಂದ ಅರ್ಥಿಗೆ ಹಾಕುವ ವೈ ಕೆಪಾಸಿಟರ್ ದೊಡ್ಡದು ಮಾಡೋಣವೆಂದರೆ ಶಾಕಿನ ಭಯ. 2.2 ನ್ಯಾನೋಫ್ಯಾರಡ್ ಒಂದರಲ್ಲೇ 0.16 ಮಿಲಿಆಂಪಿಯರ್ ಸೋರುತ್ತದೆ.

ಫಿಲ್ಟರ್ ಬೆಳೆಸುವುದಕ್ಕಿಂತ ಗದ್ದಲದ ದಾರಿ ತಿರುಗಿಸುವುದೇ ಸರಿ ಅನಿಸಿತು. ಹೀಟ್‌ಸಿಂಕನ್ನು ಅರ್ಥಿನಿಂದ ಬಿಡಿಸಿ ಪ್ರೈಮರಿಯ, ಅಂದರೆ ಮೈನ್ಸ್ ಕಡೆಯ, ನೆಗೆಟಿವ್‌ಗೆ ಕಟ್ಟಿದೆವು. ಕರೆಂಟ್ ಬಂದ ಮೇಲೆ ರೇಡಿಯೋ ಹಚ್ಚಿದರೆ ವಾರ್ತೆ ಕೇಳಿಸಿತು, ಹಿಂದೆ ಸಣ್ಣ ಸದ್ದು ಉಳಿದಿತ್ತು ಅಷ್ಟೆ. ಲ್ಯಾಬಿನ ಗ್ರಾಫಿನಲ್ಲೂ 195ರ ಗೆರೆ ಲೆಕ್ಕಕ್ಕೆ ಹತ್ತಿರವೇ ಬಂತು.

ಆದರೆ ಹೀಟ್‌ಸಿಂಕ್ ಈಗ ಲೈವ್. ಮುಟ್ಟಿದರೆ ಮುಗಿಯಿತು. ಪೆಟ್ಟಿಗೆಯಿಂದ ದೂರ ಇಟ್ಟು ಪ್ಲಾಸ್ಟಿಕ್ ಕವಚ ಹಾಕಲೇಬೇಕು ಅಂದೆ. "ಅದಕ್ಕೆ ಎಷ್ಟು ಬೀಳ್ತದೆ?" ಎಂದರು ಧಣಿ.