ದೇಹ ದೇವಾಲಯವಾದರೆ ಮೀನು ತಿನ್ನಬಹುದೇ?

ಕಾರವಾರದಲ್ಲಿ ನರ್ಸ್ ಆಗಿರುವ ನನಗೆ, ನಾನು ಕ್ರೈಸ್ತಳೆಂದು ಗೊತ್ತಾದ ಮೇಲೆ, ಈ ಪ್ರಶ್ನೆ ತಪ್ಪಿದ್ದಲ್ಲ. ‘ದೇಹ ದೇವರ ಆಲಯ ಎಂದು ನಿಮ್ಮ ಬೈಬಲ್ಲೇ ಹೇಳುತ್ತದಂತೆ. ಹಾಗಿದ್ದೂ ಮೀನು, ಮಾಂಸ ತಿನ್ನುತ್ತೀರಿ, ಹಬ್ಬಕ್ಕೆ ವೈನ್ ಕುಡಿಯುತ್ತೀರಿ. ಅದು ಹೇಗೆ?’ ಶಿರಸಿ, ಸಿದ್ದಾಪುರದ ಕಡೆಯ ಸಹೋದ್ಯೋಗಿಗಳು ಕುತೂಹಲದಿಂದ ಕೇಳುತ್ತಾರೆ. ನಮ್ಮ ಚರ್ಚಿನ ಹುಡುಗರು ಕೇಳುವಾಗ ಮೀನಿನ ಜಾಗದಲ್ಲಿ ಹಚ್ಚೆ, ಸಿಗರೇಟು ಇರುತ್ತವೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಮಡಿ-ಮೈಲಿಗೆ ಬಲ್ಲ ಊರಿನಲ್ಲಿ ದೇವಾಲಯ ಎಂದೊಡನೆ, ಅದರೊಳಗೆ ಏನೇನು ಹೋಗಬಾರದು ಎಂಬುದೇ ಮೊದಲು ನೆನಪಾಗುತ್ತದೆ.

ಆ ಮಾತು ಯೇಸುವಿನ ಸಂದೇಶ ಸಾರುತ್ತಾ ತಿರುಗಿದ ಸಂತ ಪೌಲರು ಗ್ರೀಸಿನ ಕೊರಿಂಥ ನಗರದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ ಆರನೇ ಅಧ್ಯಾಯದಲ್ಲಿದೆ. ಕ್ರಿ.ಶ. 53-55ರ ಸುಮಾರಿಗೆ ಎಫೆಸದಿಂದ ಬರೆದ ಪತ್ರ. ತಾತ್ಪರ್ಯ ಇಷ್ಟು: ನಿಮ್ಮ ದೇಹ ನಿಮ್ಮೊಳಗಿರುವ ಪವಿತ್ರಾತ್ಮರ ಆಲಯ; ನೀವು ನಿಮ್ಮ ಸ್ವಂತ ಸೊತ್ತಲ್ಲ, ದೇವರು ನಿಮ್ಮನ್ನು ಬೆಲೆ ಕೊಟ್ಟು ಕೊಂಡಿದ್ದಾರೆ; ಆದ್ದರಿಂದ ದೇಹದಲ್ಲಿಯೂ ಅವರನ್ನು ಮಹಿಮೆಪಡಿಸಿರಿ. ಇದಕ್ಕೆ ಕೆಲವೇ ವಾಕ್ಯಗಳ ಹಿಂದೆ ಊಟದ ಪ್ರಸ್ತಾಪವೂ ಬರುತ್ತದೆ. ಹೊಟ್ಟೆ ಇರುವುದೇ ಆಹಾರಕ್ಕೆ, ಆಹಾರ ಇರುವುದೇ ಹೊಟ್ಟೆಗೆ ಎಂಬ ಮಾತು ಅದು. ಪೌಲರು ಅದನ್ನು ಅಲ್ಲಿಗೇ ಬಿಟ್ಟು, ವೇಶ್ಯೆಯರ ಬಳಿ ಹೋಗುವುದೂ ಹಸಿವಿಗೆ ಉಂಡಷ್ಟೇ ಸಹಜ ಎಂದುಕೊಂಡಿದ್ದ ಗಂಡಸರತ್ತ ತಿರುಗುತ್ತಾರೆ. ದೇವಾಲಯದ ಮಾತನ್ನು ಹೇಳಿದ್ದು ಅವರಿಗೆ. ಊಟದ ವಿಷಯಕ್ಕೆ ಹತ್ತನೇ ಅಧ್ಯಾಯದಲ್ಲಿ ಮತ್ತೆ ಬಂದಾಗ, ಮಾಂಸದ ಅಂಗಡಿಯಲ್ಲಿ ಮಾರುವುದನ್ನು, ವಿಗ್ರಹಕ್ಕೆ ಅರ್ಪಿಸಿದ್ದೋ ಏನೋ ಎಂದು ವಿಚಾರಿಸಲು ಹೋಗದೆ ತಿನ್ನಿರಿ ಎಂದೇ ಬರೆಯುತ್ತಾರೆ. ಹೊರಗಿನಿಂದ ಒಳಕ್ಕೆ ಹೋಗುವ ಯಾವುದೂ ಮನುಷ್ಯನನ್ನು ಅಶುದ್ಧ ಮಾಡದು ಎಂಬ ಯೇಸುಸ್ವಾಮಿಯ ಮಾತು ಮಾರ್ಕನು ಬರೆದ ಶುಭಸಂದೇಶದ ಏಳನೇ ಅಧ್ಯಾಯದಲ್ಲಿದೆ. ಬಂಗಡೆಗೂ ದೇವಾಲಯದ ವಾಕ್ಯಕ್ಕೂ ಜಗಳವಿಲ್ಲ.

ಹಾಗೆಂದು ಊಟ ನಮ್ಮೊಬ್ಬರ ವಿಷಯ ಎಂದೂ ಪೌಲರು ಹೇಳಲಿಲ್ಲ. ತಾನು ತಿನ್ನುವುದರಿಂದ ಸಹೋದರನ ಮನಸ್ಸಾಕ್ಷಿ ಎಡವುವುದಾದರೆ ತಾನೆಂದೂ ಮಾಂಸ ಮುಟ್ಟುವುದಿಲ್ಲ ಎನ್ನುತ್ತಾರೆ ಎಂಟನೇ ಅಧ್ಯಾಯದಲ್ಲಿ. ಶಿರಸಿಯ ಗೆಳತಿಯ ಜೊತೆ ಊಟಕ್ಕೆ ಕುಳಿತ ದಿನ ನಾನು ಮೀನಿನ ಡಬ್ಬಿ ತೆರೆಯುವುದಿಲ್ಲ. ಅವಳು ತಂದ ತಂಬುಳಿ, ಅಪ್ಪೆಹುಳಿಯಲ್ಲಿ ನನಗೂ ಪಾಲಿರುತ್ತದೆ.

ಕುಡಿತದ ವಿಷಯ ಬೇರೆ. ಆರನೇ ಅಧ್ಯಾಯದಲ್ಲೇ ಪೌಲರು ಕುಡುಕರನ್ನು ಕಳ್ಳರ, ಸುಲಿಗೆಕೋರರ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಇಲ್ಲಿಂದ ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಮದ್ಯ ಅಗ್ಗ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ವಾರ್ಡಿಗೆ ಬರುವ ಗಂಡಸರನ್ನು ನೋಡುತ್ತಲೇ ಇದ್ದೇನೆ. ಆದರೆ ಅಂಥವನ ಮಂಚದ ಪಕ್ಕ ನಿಂತು ‘ದೇವಾಲಯ ಕೆಡಿಸಿದವನನ್ನು ದೇವರು ಕೆಡಿಸುತ್ತಾನೆ’ ಎಂದು ವಾಕ್ಯ ಹೇಳುವ ಬಂಧುಗಳ ಮೇಲೆ ನನಗೆ ಸಿಟ್ಟು ಬರುತ್ತದೆ. ಅದು ಮೂರನೇ ಅಧ್ಯಾಯದ ಮಾತು. ಅಲ್ಲಿ ಆಲಯವೆಂದರೆ ಇಡೀ ಸಭೆ. ತಾನು ಪೌಲನ ಕಡೆ, ತಾನು ಇನ್ನೊಬ್ಬ ಬೋಧಕ ಅಪೊಲ್ಲೋಸನ ಕಡೆ ಎಂದು ಪಂಗಡ ಕಟ್ಟಿ ಸಭೆಯನ್ನು ಒಡೆಯುತ್ತಿದ್ದವರಿಗೆ ಕೊಟ್ಟ ಎಚ್ಚರಿಕೆ ಅದು. ನಮ್ಮ ಕರಾವಳಿಯ ಮಳೆಗಾಳಿಗೆ ಗುಡಿಯ ಹೆಂಚು ಹಾರಿದರೆ ಒಳಗಿನ ದೇವರು ಎದ್ದು ಹೋದರೆಂದು ಯಾರೂ ಹೇಳುವುದಿಲ್ಲ, ಹೊಸ ಹೆಂಚು ಹೊದಿಸುತ್ತಾರೆ.

ದೇಹಕ್ಕೆ ಈ ಗೌರವ ಆರೋಗ್ಯದಿಂದ ಬಂದದ್ದಲ್ಲ ಎಂಬುದು ನಮ್ಮ ಚರ್ಚಿನ ಆಚರಣೆಗಳಲ್ಲಿ ಕಣ್ಣಿಗೆ ಕಾಣುತ್ತದೆ. ಕಾಯಿಲೆ ಬಿದ್ದವರ ಹಣೆಗೂ ಅಂಗೈಗೂ ಗುರುಗಳು ಪವಿತ್ರ ತೈಲ ಹಚ್ಚುತ್ತಾರೆ. ಸತ್ತ ಮೇಲೆ ಶವಪೆಟ್ಟಿಗೆಗೆ ತೀರ್ಥ ಚಿಮುಕಿಸಿ ಧೂಪ ಹಾಕುತ್ತಾರೆ. ಹಬ್ಬದ ಪೂಜೆಯಲ್ಲಿ ಬಲಿಪೀಠಕ್ಕೆ ಹಾಕುವುದೂ ಅದೇ ಧೂಪ. ಮಲಗಿದಲ್ಲೇ ಇರುವ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನಿಗೆ, ಸೊಂಟಕ್ಕೆ, ಹಿಮ್ಮಡಿಗೆ ಹುಣ್ಣಾಗುತ್ತದೆ. ಬಟ್ಟೆ ಬದಲಿಸುವಾಗ ‘ಗಲೀಜಾಯಿತು ಸಿಸ್ಟರ್, ಬೇಸರ ಮಾಡಬೇಡಿ’ ಎಂದು ಮುಖ ತಿರುಗಿಸಿಕೊಳ್ಳುವ ಅಜ್ಜಂದಿರಿದ್ದಾರೆ. ಪರದೆ ಎಳೆದು, ಹೇಳಿ, ಕೇಳಿ, ಆಮೇಲೆ ಮುಟ್ಟುವುದನ್ನು ನಾನು ಕಿರಿಯ ನರ್ಸ್‌ಗಳಿಗೆ ಕಲಿಸುವಾಗ ನನ್ನ ಮನಸ್ಸಿನಲ್ಲಿ ಇರುವುದು ದೇವಾಲಯದ ಈ ವಾಕ್ಯವೇ.

ಇನ್ನು, ಬೆಲೆ ಕೊಟ್ಟು ಕೊಂಡಿದ್ದಾರೆ ಎಂಬ ಭಾಗ. ಇದನ್ನು ಜನರು ಸಾಮಾನ್ಯವಾಗಿ ಓದದೆ ಮುಂದೆ ಹೋಗುತ್ತಾರೆ. ರೋಮನ್ನರು ಕ್ರಿ.ಪೂ. 146ರಲ್ಲಿ ಕೊರಿಂಥವನ್ನು ನೆಲಸಮ ಮಾಡಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ಮತ್ತೆ ಕಟ್ಟಿಸಲು ಹೊರಟಾಗ ಅಲ್ಲಿ ನೆಲೆಸಲು ಬಂದವರಲ್ಲಿ ಬಿಡುಗಡೆ ಪಡೆದ ಗುಲಾಮರು ಬಹಳ. ಪೌಲರ ಪತ್ರವನ್ನು ಕೇಳಿಸಿಕೊಂಡ ಸಭೆಯಲ್ಲಿ ಗುಲಾಮರೂ ಇದ್ದರು. ಏಳನೇ ಅಧ್ಯಾಯ ಅವರನ್ನೂ ಕರೆದು ಮಾತನಾಡಿಸುತ್ತದೆ. ರೋಮನ್ ಕಾನೂನಿನಲ್ಲಿ ಗುಲಾಮನ ಮೈ ಯಜಮಾನನ ಸೊತ್ತು. ಬೆಲೆ ಎಂದರೇನೆಂದು ಆ ಜನರಿಗೆ ಗೊತ್ತಿತ್ತು. ನಿನ್ನ ದೇಹದ ಒಡೆಯ ದೇವರು ಎಂದು ಅಂಥವನೊಬ್ಬನಿಗೆ ಹೇಳಿದರೆ, ಬೇರೆ ಯಾರೂ ಅಲ್ಲ ಎಂದೂ ಹೇಳಿದಂತಾಯಿತು.

ಉತ್ತರ ಕನ್ನಡದಲ್ಲಿ ಕುಳಿತು ಇದನ್ನು ಓದುವಾಗ ನನಗೆ ಸಿದ್ದಿಯರ ನೆನಪು ಬರುತ್ತದೆ. ಪೋರ್ಚುಗೀಸರು ಅವರ ಪೂರ್ವಜರನ್ನು ಆಫ್ರಿಕಾದಿಂದ ಗೋವಾಕ್ಕೆ ತಂದು ಗುಲಾಮರಾಗಿ ಮಾರಿದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಈಗಲೂ ಇರುವ ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಪೂರ್ವಜರನ್ನು ಮಾರಿದವರೂ ಕೊಂಡವರೂ ಇದೇ ಪತ್ರವನ್ನು ಪವಿತ್ರ ಗ್ರಂಥವೆಂದು ನಂಬಿದವರು. ಕ್ರೈಸ್ತರಾದ ನಾವು ಇದನ್ನು ಮುಚ್ಚಿಡಬಾರದು. ದೇಹ ದೇವಾಲಯ ಎಂದು ಬೋಧಿಸುವಾಗ ಹಚ್ಚೆಗೆ ಅರ್ಧ ಗಂಟೆ ಕೊಟ್ಟು, ಈ ಇತಿಹಾಸಕ್ಕೆ ಒಂದು ನಿಮಿಷವೂ ಕೊಡದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಯಾರದೋ ದೇಹ ಇನ್ನಾರದೋ ಸೊತ್ತು ಎಂಬ ಲೆಕ್ಕ ಮನೆಗಳೊಳಗೆ ಇನ್ನೂ ಉಳಿದಿದೆ. ತುಟಿ ಒಡೆದುಕೊಂಡು, ಮುಂಗೈ ಬಾತು ಬಂದ ಹೆಂಗಸು ಮೆಟ್ಟಿಲಿನಿಂದ ಬಿದ್ದೆ ಎನ್ನುತ್ತಾಳೆ. ಹೆಂಡತಿಯ ದೇಹದ ಮೇಲೆ ಅಧಿಕಾರ ಗಂಡನದು ಎಂದು ಬೈಬಲ್ಲೇ ಹೇಳುತ್ತದಲ್ಲ ಸಿಸ್ಟರ್ ಎಂದು ನಮ್ಮವರೇ ಕೆಲವರು ನನಗೆ ಸಮಜಾಯಿಷಿ ಕೊಡುತ್ತಾರೆ. ಏಳನೇ ಅಧ್ಯಾಯದ ಆ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಅವರಿಗೆ ಕಲಿಸಲಾಗಿದೆ. ಗಂಡನ ದೇಹದ ಮೇಲೆ ಅಧಿಕಾರ ಹೆಂಡತಿಯದು ಎಂಬ ಉಳಿದರ್ಧ ಅದರ ಬೆನ್ನಿಗೇ ಇದೆ, ಮತ್ತು ಎರಡರ ಹಿಂದೆ, ಹಿಂದಿನ ಅಧ್ಯಾಯದ ಕೊನೆಯಲ್ಲಿ, ದೇವಾಲಯದ ವಾಕ್ಯವಿದೆ. ಅದನ್ನು ಓದಿ ಹೇಳುತ್ತೇನೆ. ಗುಡಿಗೆ ಕಲ್ಲು ಹೊಡೆದವನನ್ನು ಊರು ಸುಮ್ಮನೆ ಬಿಡದಿರುವಾಗ ನೀನು ಯಾಕೆ ಸಹಿಸಿಕೊಳ್ಳಬೇಕು ಎಂದು ಕೇಳುತ್ತೇನೆ. ಬೇರೆ ಧರ್ಮದವರಾದರೆ ವಾಕ್ಯದ ಮಾತು ಎತ್ತುವುದಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆಗೆ 2005ರ ಕಾನೂನು ಇದೆ ಎಂದು ತಿಳಿಸುತ್ತೇನೆ. ಯಾರೇ ಆಗಲಿ, ಮನೆಗೆ ಹೋಗುವ ಮುನ್ನ ಮಹಿಳಾ ಸಹಾಯವಾಣಿಯ 181 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ತವರಿನ ಕಡೆಯ ಯಾವುದಾದರೂ ಹೆಸರು ಕೊಟ್ಟು ಸೇರಿಸಿಕೊಡುತ್ತೇನೆ.