ಕಾರ್ಣಿಕ ಕೇಳಾಕ ಬಂಡಿ ಕಟ್ಟೋರು

ರಥಸಪ್ತಮಿ ಬಂತೆಂದರೆ ನಮ್ಮ ಕಡೆ ಮೈಲಾರದ ಮಾತು ಶುರು. ನಾವು ಹಾವೇರಿ ತಾಲ್ಲೂಕಿನ ಗುತ್ತಲ ಸೀಮೆಯವರು. ತುಂಗಭದ್ರೆಯ ಆಚೆ ದಡಕ್ಕೆ, ಹೂವಿನಹಡಗಲಿ ತಾಲ್ಲೂಕಿನಲ್ಲಿ ಮೈಲಾರ. ಆ ಹೊತ್ತಿಗೆ ಕಡ್ಲಿ ಕಿತ್ತು ರಾಶಿಯಾಗಿರುತ್ತದೆ, ಮೆಣಸಿನಕಾಯಿ ಚೀಲಗಳು ಬ್ಯಾಡಗಿ ಮಾರ್ಕೆಟ್ಟಿಗೆ ಸಾಲುಗಟ್ಟಿರುತ್ತವೆ. ಬೆಳಗಿನ ಚಳಿ ಇನ್ನೂ ಬಿಟ್ಟಿರುವುದಿಲ್ಲ, ಮಧ್ಯಾಹ್ನದ ಬಿಸಿಲು ಮಾತ್ರ ಚುರುಕಾಗಿರುತ್ತದೆ. ಒಕ್ಕಲಿಗನ ಕೈಯಲ್ಲಿ ನಾಲ್ಕು ದಿನ ಪುರುಸೊತ್ತು, ಗಂಟಿನಲ್ಲಿ ಒಂದಿಷ್ಟು ದುಡ್ಡು ಇರುವ ಕಾಲ ಅದೊಂದೇ. ಮೈಲಾರಲಿಂಗನ ಜಾತ್ರೆ ನಡೆಯುವ ಭರತ ಹುಣ್ಣಿಮೆ ಆಗಲೇ ಬರುತ್ತದೆ.

ನನ್ನದು ಬೀಜ–ಗೊಬ್ಬರದ ಅಂಗಡಿ. ಮಳೆಗಾಲದ ಬೀಜದ ವ್ಯಾಪಾರ ರೋಹಿಣಿ ಮಳೆಗೆ ಶುರುವಾಗುತ್ತದೆಂದು ಕಂಪನಿಯವರು ತಿಳಿದಿದ್ದಾರೆ. ಅಂಗಡಿಯಲ್ಲಿ ಕೂತ ನನಗೆ ಗೊತ್ತು, ಅದು ಮೈಲಾರದಿಂದ ಬಂಡಿ ತಿರುಗಿದ ಮರುದಿನವೇ ಶುರುವಾಗುತ್ತದೆ. ಕೊಳ್ಳುವುದಲ್ಲ, ವಿಚಾರ ಮಾಡುವುದು. ಗೋವಿನಜೋಳ ಎಷ್ಟು ಎಕರೆ, ಹತ್ತಿ ಎಷ್ಟು, ಈ ಸಲ ಒಂದು ಪಟ್ಟಿ ಹೆಸರುಕಾಳು ಹಾಕೋಣವೇ ಬೇಡವೇ ಎಂದು ಲೆಕ್ಕ ಹಾಕುತ್ತಲೇ ಬರುತ್ತಾರೆ. ಆ ಲೆಕ್ಕದಲ್ಲಿ ಕಾರ್ಣಿಕವೂ ಒಂದು ಬಾಬ್ತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೈಲಾರಲಿಂಗ ಮಣಿ–ಮಲ್ಲರೆಂಬ ಅಸುರರನ್ನು ಕೊಂದನೆಂಬುದು ಕ್ಷೇತ್ರದ ಕಥೆ. ಹುಣ್ಣಿಮೆಯಾಗಿ ಎರಡನೆಯ ದಿನಕ್ಕೋ ಮೂರನೆಯ ದಿನಕ್ಕೋ, ಸಂಜೆ ಡೆಂಕನಮರಡಿಯ ಬಯಲಿನಲ್ಲಿ ದೊಡ್ಡ ಬಿಲ್ಲನ್ನು ನಿಲ್ಲಿಸುತ್ತಾರೆ. ಗೊರವರೆಂದರೆ ಮೈಲಾರಲಿಂಗನ ದೀಕ್ಷೆ ಪಡೆದ ಭಕ್ತರು; ರಥಸಪ್ತಮಿಯಿಂದ ಉಪವಾಸವಿದ್ದ ಗೊರವಯ್ಯ ಅದನ್ನೇರಿ ಒಂದೇ ಒಂದು ವಾಕ್ಯ ನುಡಿಯುತ್ತಾನೆ. ಅದೇ ಕಾರ್ಣಿಕ, ಆ ವರ್ಷದ ದೈವವಾಣಿ.

ಒಂದು ವಾಕ್ಯ ಕೇಳಲು ಇಷ್ಟು ಜನ ಯಾಕೆ ಹೋಗಬೇಕು, ಮೊಬೈಲಿನಲ್ಲಿ ಐದು ನಿಮಿಷಕ್ಕೆ ಬರುತ್ತದಲ್ಲ ಎಂದು ನನ್ನ ಮಗ ಕೇಳುತ್ತಾನೆ. ಬರುತ್ತದೆ. ಬಂಡಿ ಕಟ್ಟಿಕೊಂಡು ಹೋದ ದಾರಿ ಮೊಬೈಲಿನಲ್ಲಿ ಬರುವುದಿಲ್ಲ.

ನಮ್ಮೂರಿನಲ್ಲಿ ಈಗ ಟ್ರ್ಯಾಕ್ಟರ್, ಟ್ರ್ಯಾಕ್ಸ್ ಹೆಚ್ಚು. ಆದರೂ ಮೈಲಾರಕ್ಕೆಂದು ಎತ್ತಿನ ಬಂಡಿ ಕಟ್ಟುವ ಮನೆಗಳು ಇನ್ನೂ ಇವೆ. ಗಾಲಿಗೆ ಎಣ್ಣೆ ಬಿಟ್ಟು, ಕೊಲ್ಲಾರಿ ಕಟ್ಟಿ, ಒಳಗೆ ಮೇವು ಹಾಸಿ ಮೇಲೆ ಜಮಖಾನ ಬಿಡುತ್ತಾರೆ. ಎತ್ತುಗಳಿಗೆ ಜೂಲ, ಕೊಂಬಿಗೆ ಗೊಂಡೆ, ಕೊರಳಿಗೆ ಗೆಜ್ಜಿಸರ. ಎತ್ತಿನ ಶೃಂಗಾರ ಗಂಡಸರದಾದರೆ ಬುತ್ತಿಯ ಜವಾಬ್ದಾರಿ ಹೆಂಗಸರದು. ನಾಲ್ಕು ದಿನ ಮೊದಲೇ ಓಣಿಯ ಒಂದು ಮನೆಯಲ್ಲಿ ಎಲ್ಲರೂ ಕೂಡಿ ರೊಟ್ಟಿ ಬಡಿಯುತ್ತಾರೆ. ಬಿಸಿ ರೊಟ್ಟಿಯನ್ನು ಒಲೆಯ ಮಗ್ಗುಲಿಗೆ ಆನಿಸಿ ಕಟಕ ಮಾಡಿ ಅರಿವೆಯಲ್ಲಿ ಕಟ್ಟಿದರೆ ವಾರ ಕಳೆದರೂ ಕೆಡುವುದಿಲ್ಲ. ಜೊತೆಗೆ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಗಡಿಗೆಯಲ್ಲಿ ಮೊಸರು, ಮಾದಲಿ, ಕರ್ಚಿಕಾಯಿ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಊರ ಹೆಂಗಸರ ಪೂರ್ತಿ ಪರಿಚಯವಾಗುವುದು ಈ ರೊಟ್ಟಿ ಬಡಿಯುವ ದಿನವೇ. ಯಾರ ಕೈ ಚುರುಕು, ಯಾರ ಬಾಯಿ ಚುರುಕು, ಎಲ್ಲವೂ ಅಲ್ಲಿ ಬಯಲಾಗುತ್ತದೆ.

ಹೊಳೆ ದಾಟುವುದು ಇನ್ನೊಂದು ಸಂಭ್ರಮ. ಆ ದಿನಗಳಲ್ಲಿ ತುಂಗಭದ್ರೆ ಸೊರಗಿರುತ್ತಾಳೆ. ಜಾತ್ರೆಗೆ ಬಂದ ಲಕ್ಷಾಂತರ ಜನ ಸ್ನಾನ ಮಾಡಬೇಕು, ನೀರು ಕುಡಿಯಬೇಕು. ಅದಕ್ಕಾಗಿ ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡುವುದುಂಟು. ನೀರು ಬಿಟ್ಟ ಸುದ್ದಿ ಬಂತೆಂದರೆ ನಮ್ಮ ಕಡೆಯ ಹಿರಿಯರು ಮೊದಲು ದಂಡೆಗೆ ಹೋಗಿ ಕಲ್ಲುಗಳನ್ನು ನೋಡಿ ಬರುತ್ತಾರೆ. ಯಾವ ಕಲ್ಲು ಮುಳುಗಿದರೆ ಬಂಡಿ ಇಳಿಸಬಾರದು ಎಂಬುದು ಅವರಿಗೆ ಬಾಯಿಪಾಠ. ಇಳಿಸಿದ ಮೇಲೆ ಎತ್ತಿನ ಮೊಗದಾಣಿ ಹಿಡಿದು ಒಬ್ಬ ಮುಂದೆ, ಗಾಲಿಗೆ ಕೈ ಕೊಟ್ಟು ಇಬ್ಬರು ಹಿಂದೆ. ಮಕ್ಕಳು ಬಂಡಿಯಲ್ಲಿ ಕೂತು “ಏಳುಕೋಟಿ ಏಳುಕೋಟಿ ಏಳುಕೋಟಿಗೋ” ಎಂದು ಕೂಗುತ್ತಾರೆ. ಆಚೆ ದಡದಿಂದ ಗುರುತಿಲ್ಲದವರು “ಛಾಂಗಮಲೋ” ಎಂದು ಉತ್ತರ ಕೊಡುತ್ತಾರೆ.

ಮೈಲಾರ ಕುರುಬರ ಮನೆದೇವರೆಂದು ಹೊರಗಿನವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ರಾತ್ರಿ ದಂಡೆಯ ಮೇಲೆ ಬಿಟ್ಟ ಬಂಡಿಗಳ ನಡುವೆ ಒಮ್ಮೆ ಅಡ್ಡಾಡಿ ನೋಡಬೇಕು. ಎಲ್ಲ ಜಾತಿಯವರ ಒಲೆಗಳೂ ಅಲ್ಲಿವೆ, ಒಬ್ಬರ ಬುತ್ತಿಯ ಚಟ್ನಿ ಇನ್ನೊಬ್ಬರ ರೊಟ್ಟಿಯ ಮೇಲಿರುತ್ತದೆ. ಕರಿಕಂಬಳಿ ಹೊದ್ದ ಗೊರವರು ಡಮರುಗ ಬಾರಿಸುತ್ತ ಬಂಡಿಯಿಂದ ಬಂಡಿಗೆ ಬಂದು ಹಣೆಗೆ ಅರಿಸಿನದ ಭಂಡಾರ ಹಚ್ಚುತ್ತಾರೆ. ಹರಕೆ ಇದ್ದವರು ಗೊರವರ ದೋಣಿಯೆಂಬ ಪಾತ್ರೆ ತುಂಬಿಸುತ್ತಾರೆ. ಹಾಲು, ತುಪ್ಪ, ಬಾಳೆಹಣ್ಣು ಸುರಿದ ಆ ದೋಣಿಗೆ ಗೊರವರು ನೇರ ಬಾಯಿ ಹಚ್ಚಿ, ತಾವೇ ಮೈಲಾರನ ನಾಯಿಗಳೆಂದು ಬೊಗಳುತ್ತ ತಿನ್ನುವಾಗ ಸುತ್ತ ನಿಂತವರು ಕೈ ಮುಗಿಯುತ್ತಾರೆ. ದೇವರ ಮುಂದೆ ಇಷ್ಟು ಸಣ್ಣವನಾಗಬಲ್ಲ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾರ್ಣಿಕದ ಸಂಜೆಯ ಬಗ್ಗೆ ಹೇಳಲು ಹೆಚ್ಚಿಲ್ಲ, ಅದು ಅಷ್ಟು ಬೇಗ ಮುಗಿಯುತ್ತದೆ. ಡಮರುಗದ ಗದ್ದಲ, ಧೂಳು, ಗಾಳಿಯಲ್ಲಿ ಹಳದಿ ಭಂಡಾರ. ಗೊರವಯ್ಯ ಬಿಲ್ಲೇರಿ ಆಕಾಶ ನೋಡಿ “ಸದ್ದಲೇ!” ಎನ್ನುತ್ತಾನೆ. ಅಷ್ಟು ದೊಡ್ಡ ಜನಸಾಗರ ಒಮ್ಮೆಲೇ ಗಪ್ಪಾಗುತ್ತದೆ. ಹಸುಗೂಸುಗಳ ಬಾಯಿಯ ಮೇಲೂ ತಾಯಂದಿರ ಕೈ. ನುಡಿ ಮುಗಿದದ್ದೇ ಅವನು ಮೇಲಿಂದ ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ನಿಜವಾದ ಜಾತ್ರೆ: “ಏನಂದ? ಏನಂದ?”

2023ರ ಫೆಬ್ರುವರಿಯಲ್ಲಿ ನುಡಿದದ್ದು “ಅಂಬಲಿ ಹಳಸಿತು ಕಂಬಳಿ ಬೀಸಿತಲೇ ಪರಾಕ್”. ಆ ರಾತ್ರಿ ನಮ್ಮ ಬಂಡಿಗಳ ಹತ್ತಿರ ನಡೆದ ವಾದ ನನಗೆ ಮರೆಯುವುದಿಲ್ಲ. ಕುರಿ ಕಾಯುವ ಒಬ್ಬ ಹುಡುಗ, “ಕಂಬಳಿ ಬೀಸಿ ಹೊದ್ಕೊಳ್ಳೋದು ಮಳಿಯೊಳಗ ಅಲ್ಲೇನ್ರಿ? ಮಳಿ ಚಲೋ ಐತಿ” ಎಂದ. ನಮ್ಮ ಓಣಿಯ ಅಜ್ಜ ತಲೆ ಅಲ್ಲಾಡಿಸಿದರು. “ತಮ್ಮಾ, ಕಂಬಳಿ ಹೆಗಲಿಗೆ ಬೀಸಿದಾಂವ ಊರು ಬಿಟ್ಟು ನಡದಾನ. ಅಂಬಲಿ ಹಳಸೇತಿ ಅಂದಮ್ಯಾಗ ಮನ್ಯಾಗ ಉಣ್ಣಾಕ ಏನೈತಿ?” ವಾದ ನಡುರಾತ್ರಿಯವರೆಗೆ ನಡೆಯಿತು. ಯಾವ ನೆಲಕ್ಕೆ ಯಾವ ಬೆಳೆ, ಹಿಂದಿನ ಬರದಲ್ಲಿ ಯಾರು ಏನು ಮಾಡಿದ್ದರು, ಬೋರಿನ ನೀರು ಎಲ್ಲಿಗೆ ಇಳಿದಿದೆ, ಎಲ್ಲವೂ ಅದರೊಳಗೆ ಬಂದು ಹೋಯಿತು. ಅಜ್ಜ ಆ ವರ್ಷದ ಬಿಳಿಜೋಳವನ್ನು ಒಂದು ಚೀಲವೂ ಮಾರದೆ ಮನೆಯಲ್ಲೇ ಒಟ್ಟಿದರು. ಮಳೆಗಾಲ ತಡವಾಯಿತು, ಆಗಸ್ಟ್ ಪೂರ್ತಿ ಒಣಗಿತು, ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕಾರ್ಣಿಕ ನಿಜವಾಯಿತೆಂದು ಸಾಧಿಸುವುದು ನನಗೆ ಬೇಕಿಲ್ಲ. ಹುಡುಗನ ಅರ್ಥವೂ ಅಷ್ಟೇ ಸರಳವಾಗಿ ಹೊಂದುತ್ತಿತ್ತು. ಮುಂಗಾರಿಗೆ ಇನ್ನೂ ನಾಲ್ಕು ತಿಂಗಳಿರುವಾಗ ಒಂದೂರಿನ ಜನ ಬೆಂಕಿಯ ಸುತ್ತ ಕೂತು ಕೆಟ್ಟ ವರ್ಷ ಬಂದರೆ ಏನು ಮಾಡೋಣ ಎಂದು ಮನಸ್ಸು ಬಿಚ್ಚಿ ಮಾತಾಡಿದರಲ್ಲ, ಆ ಮಾತು ಬೇರೆಲ್ಲಿ ಆಗುತ್ತದೆ ಹೇಳಿ. ನಮ್ಮಲ್ಲಿ ಕೃಷಿ ಮೇಳಕ್ಕೂ ಹೋಗುತ್ತಾರೆ, ಅಲ್ಲಿ ಕೇಳಿಕೊಂಡು ಬರುತ್ತಾರೆ. ಇಲ್ಲಿ ತಾವೇ ಮಾತಾಡುತ್ತಾರೆ.

ಇದಕ್ಕೇ ಟಿವಿ ನೋಡಿದಾಗ ನನಗೆ ಸಂಕಟವಾಗುತ್ತದೆ. ಅದು ಚುನಾವಣೆಯ ವರ್ಷವಾಗಿತ್ತು. ಅಂಬಲಿ ಯಾವ ಪಕ್ಷ, ಕಂಬಳಿ ಯಾವ ನಾಯಕ ಎಂದು ರಾತ್ರಿಯಿಡೀ ಚರ್ಚೆ. ಮಳೆ ಬೆಳೆಯ ಮಾತನ್ನು ಕಡೆಗೆ ಒಂದು ಸಾಲಿನಲ್ಲಿ ಮುಗಿಸಿದರು. ಕಾರ್ಣಿಕ ರೈತನ ಸೊತ್ತು. ಅದಕ್ಕೆ ಸಾಕ್ಷಿ ಬೇಕೆಂದರೆ ಪಂಚಾಂಗ ನೋಡಿ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲೂ ಮೈಲಾರಲಿಂಗನ ಕಾರ್ಣಿಕ ಆಗುತ್ತದೆ, ಅದು ನವರಾತ್ರಿಯಲ್ಲಿ, ಹಿಂಗಾರಿ ಬಿತ್ತುವ ಹೊತ್ತಿಗೆ. ಮೈಲಾರದ್ದು ಮುಂಗಾರಿಗೆ ಮೊದಲು. ನಮ್ಮ ಹಿರಿಯರು ಎರಡು ಹಂಗಾಮಿಗೆ ಎರಡು ಮಾತು ಕೇಳಿಸಿಕೊಂಡವರು.

ಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಶಿವರಾತ್ರಿ. ಚಳಿ ಶಿವಶಿವಾ ಎಂದು ಹೋಗುವ ಆ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನದೇ ಕುರುವತ್ತಿಯಲ್ಲಿ ಬಸವೇಶ್ವರನ ಜಾತ್ರೆ. ಎತ್ತುಗಳಿಗೆ ಬಸವಣ್ಣನ ದರ್ಶನ ಮಾಡಿಸಿದರೆ ವರ್ಷವಿಡೀ ರೋಗರುಜಿನ ಬಾರದೆಂಬ ನಂಬಿಕೆ. ಬಂಡಿ ಇದ್ದವರು ಮೈಲಾರ ಮುಗಿಸಿ ಅಲ್ಲಿಗೂ ಹೋಗುತ್ತಾರೆ. ಟ್ರ್ಯಾಕ್ಟರಿನವರಿಗೆ ಅಲ್ಲಿ ಏನೂ ಕೆಲಸವಿಲ್ಲವೆಂದು ನಮ್ಮ ಅಜ್ಜ ಹೇಳುತ್ತಿರುತ್ತಾರೆ.

ನೀವು ಬರುವವರಿದ್ದರೆ ಕಾರ್ಣಿಕದ ಸಂಜೆ ಕಾರಿನಲ್ಲಿ ಬಂದು ಕಾರಿನಲ್ಲೇ ತಿರುಗಿ ಹೋಗಬೇಡಿ. ಹುಣ್ಣಿಮೆಯ ರಾತ್ರಿಯೇ ಬನ್ನಿ, ಹೊದೆಯಲು ಕಂಬಳಿ ತನ್ನಿ, ದಂಡೆಯ ಮೇಲೆ ಗಾಳಿ ಬಹಳ. ಗುತ್ತಲ ಕಡೆಯ ಬಂಡಿಗಳು ಎಲ್ಲಿ ಬಿಟ್ಟಾವೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಂಗಡಿಗೆ ಬೀಗ ಹಾಕಿ ನಾನೂ ಅಲ್ಲೇ ಇರುತ್ತೇನೆ. ರೊಟ್ಟಿಗೆ ಕೊರತೆಯಿಲ್ಲ, ಊಟಕ್ಕ ಬರ್ರಿ.